ಮಾವನ ಕೆಂಪು ಚುಕ್ಕಿ, ಮಗಳ ಏರ್ ಪಿಸ್ತೂಲು

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಮೈಸೂರಿನಲ್ಲಿ ಎಂಟು ತಿಂಗಳಿಂದ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಕ್ಲಬ್ಬಿನ ಪಿಸ್ತೂಲಿನಲ್ಲೇ 60 ಗುಂಡಿಗೆ 530ರ ಆಸುಪಾಸು ಬರುತ್ತದೆ. ಈಗ ಸ್ವಂತದ್ದು ಬೇಕು ಅನ್ನುತ್ತಾಳೆ. ಸ್ಟೆಯರ್, ಮೊರಿನಿ, ವಾಲ್ಥರ್, ಇವುಗಳಲ್ಲಿ ಯಾವುದು ತೆಗೆದುಕೊಳ್ಳಲಿ? ಇನ್ನೊಂದು ವಿಷಯ. ಡಲ್ಲಾಸ್‌ನಲ್ಲಿರುವ ನನ್ನ ಭಾಮೈದನಿಗೆ ಪಿಸ್ತೂಲಿನ ಹುಚ್ಚು. ಅವನ ಹತ್ತಿರ ಗ್ಲಾಕ್, ಸಿಗ್, ಸಿಜೆಡ್ ಎಲ್ಲಾ ಇವೆ. "ಓಪನ್ ಸೈಟ್ ತಾತನ ಕಾಲದ್ದು ಭಾವ, ರೆಡ್ ಡಾಟ್ ಹಾಕಿಸಿ, ಒಂದು ತಿಂಗಳಲ್ಲಿ ಸ್ಕೋರ್ ಏರುತ್ತೆ" ಅಂತಾನೆ. ಡಿಸೆಂಬರಿನಲ್ಲಿ ಬರುವಾಗ ಒಂದು ತರುತ್ತಾನಂತೆ. ಕೋಚ್ ಕೇಳಿದರೆ ಬೇಡವೇ ಬೇಡ ಅನ್ನುತ್ತಾರೆ. ಮಗಳಿಗೆ ಕನ್ನಡಕವೂ ಇದೆ, ಮೈನಸ್ 1.25. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಮನೆಯ ಜಗಳ ಬಿಡಿಸಿಬಿಡುತ್ತೇನೆ. ಮಗಳು ಆಡುತ್ತಿರುವ ಆಟಕ್ಕೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮ ಅನ್ವಯಿಸುತ್ತದೆ. ಅದರ ಪ್ರಕಾರ ಓಪನ್ ಸೈಟ್, ಅಂದರೆ ಪಿಸ್ತೂಲಿನ ಮೇಲಿನ ಬರೀ ಕಚ್ಚು ಮತ್ತು ಕಂಬ, ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ. ದುರ್ಬೀನು, ಕನ್ನಡಿ, ಲೇಸರ್, ಬ್ಯಾಟರಿಯಿಂದ ಉರಿಯುವ ಚುಕ್ಕಿ (ಅದೇ ರೆಡ್ ಡಾಟ್), ಎಲ್ಲದಕ್ಕೂ ನಿಷೇಧ. ಪಿಸ್ತೂಲಿನ ಮೇಲೆ ಒಂದು ಲೆನ್ಸ್ ಅಂಟಿಸುವ ಹಾಗೂ ಇಲ್ಲ. ರೆಡ್ ಡಾಟ್ ಹಾಕಿಕೊಂಡು ಹೋದರೆ ಪಿಸ್ತೂಲು ತಪಾಸಣೆಯ ಮೇಜಿನಿಂದಲೇ ವಾಪಸ್ ಬರುತ್ತದೆ. ಅಲ್ಲಿಗೆ ಕೋಚ್ ಗೆದ್ದರು.

ಆದರೆ ನಿಮ್ಮ ಭಾಮೈದ ಹೇಳಿದ್ದು ಸುಳ್ಳೂ ಅಲ್ಲ. ಅವನ ಪಿಸ್ತೂಲಿಗೆ ಅದು ನಿಜ. ನಾನು 11 ವರ್ಷ ಅಮೆರಿಕದ ಒಹಾಯೋದಲ್ಲಿದ್ದೆ. ಚಳಿಗಾಲದಲ್ಲಿ ಪ್ರತಿ ಬುಧವಾರ ಸಂಜೆ ಅಲ್ಲಿನ ಕ್ಲಬ್ಬಿನಲ್ಲಿ ಬುಲ್ಸ್‌ಐ ಅನ್ನುವ ಒಂದೇ ಕೈಯ ಪಿಸ್ತೂಲು ಪಂದ್ಯ ಆಡುತ್ತಿದ್ದೆ. ಎರಡೂ ಕಡೆಯ ಅಭ್ಯಾಸ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಯಮ ಇದೆ ಅಂತ ಸುಮ್ನೆ ಬಾಯಿ ಮುಚ್ಚಿಸಿದರೆ ಡಿಸೆಂಬರಿನಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಮಾತು ಶುರುವಾಗುತ್ತದೆ.

ಒಂದು ಸ್ಕೇಲು ಹಿಡಿದು ಕೂತರೆ ವಿಷಯ ಅರ್ಥವಾಗುತ್ತದೆ. ಪಿಸ್ತೂಲಿನ ಹಿಂದೆ ಒಂದು ಕಚ್ಚು ಇರುತ್ತದೆ, ಅದು ರಿಯರ್ ಸೈಟ್. ಮುಂದೆ ಒಂದು ಕಂಬ, ಅದು ಫ್ರಂಟ್ ಸೈಟ್. ಇವೆರಡರ ನಡುವಿನ ದೂರ ಗ್ಲಾಕ್ 19ರಲ್ಲಿ ಸುಮಾರು 15 ಸೆಂಟಿಮೀಟರ್. ಫ್ರಂಟ್ ಸೈಟ್ ಕಚ್ಚಿನ ಮಧ್ಯದಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಗಿದೆ ಅನ್ನಿ. 10 ಮೀಟರ್ ದೂರದಲ್ಲಿ ಗುಂಡು ಹೆಚ್ಚುಕಡಿಮೆ 66 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಈಗ ಮಗಳ ಪಿಸ್ತೂಲು ನೋಡಿ. ಅಲ್ಲಿ ಎರಡು ಸೈಟ್‌ಗಳ ನಡುವೆ 32 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅದೇ ಒಂದು ಮಿಲಿಮೀಟರ್ ತಪ್ಪಿಗೆ ಇಲ್ಲಿ 31 ಮಿಲಿಮೀಟರ್ ಮಾತ್ರ. ಉದ್ದ ಜಾಸ್ತಿ ಇದ್ದಷ್ಟೂ ತಪ್ಪು ಕಡಿಮೆ.

ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲು ಉದ್ದ ಇರಲಾರದು. ಆ ಗಿಡ್ಡ ಪಿಸ್ತೂಲಿಗೆ ರೆಡ್ ಡಾಟ್ ನಿಜಕ್ಕೂ ವರ. ಒಂದು ಸಣ್ಣ ಎಲ್‌ಇಡಿಯ ಬೆಳಕು ಬಾಗಿದ ಗಾಜಿಗೆ ಬಡಿದು ನಿಮ್ಮ ಕಣ್ಣಿಗೆ ಸಮಾನಾಂತರವಾಗಿ ಬರುತ್ತದೆ. ಹಾಗಾಗಿ ಕಣ್ಣು ಚೂರು ಆಚೀಚೆ ಹೋದರೂ ಚುಕ್ಕಿ ಇದ್ದಲ್ಲೇ ಗುಂಡು ಹೋಗುತ್ತದೆ. ಕಚ್ಚು, ಕಂಬ, ಗುರಿ ಅಂತ ಮೂರನ್ನು ಹೊಂದಿಸುವ ಬದಲು ಚುಕ್ಕಿ, ಗುರಿ ಎರಡೇ. ಕಣ್ಣು ಗುರಿಯ ಮೇಲೆ ಇಟ್ಟರೆ ಸಾಕು. ಅವಸರದ ಆಟಗಳಲ್ಲಿ ಇದರ ಲಾಭ ಬಹಳ. ಓಡುತ್ತಾ, ತಿರುಗುತ್ತಾ, ಸೆಕೆಂಡ್ ಲೆಕ್ಕದಲ್ಲಿ ಹೊಡೆಯುವ ಐಪಿಎಸ್‌ಸಿ, ಯುಎಸ್‌ಪಿಎಸ್‌ಎ ಪಂದ್ಯಗಳ ಓಪನ್ ವಿಭಾಗದಲ್ಲಿ (ಓಪನ್ ಸೈಟಿಗೂ ಈ ಹೆಸರಿಗೂ ಸಂಬಂಧವಿಲ್ಲ) 1990ರ ದಶಕದಲ್ಲೇ ಚುಕ್ಕಿ ಗೆದ್ದಾಗಿದೆ. ಆಮೇಲೆ ಮಾಮೂಲಿ ಪಿಸ್ತೂಲಿಗೂ ಬಂತು. ಗ್ಲಾಕ್ ಕಂಪನಿ 2015ರಲ್ಲಿ ಎಂಒಎಸ್ ಅಂತ ಮೇಲ್ಭಾಗ ಕತ್ತರಿಸಿಕೊಟ್ಟ ಮಾದರಿ ತಂದಿತು. ಚುಕ್ಕಿ ಕೂರಿಸಲಿಕ್ಕೆಂದೇ ಆ ಜಾಗ.

ಇನ್ನು ಟ್ರಿಗರ್. ಗ್ಲಾಕ್ 19ರ ತೂಕ ಖಾಲಿ ಮ್ಯಾಗಜಿನ್ ಸೇರಿ 700 ಗ್ರಾಂ ಒಳಗೆ. ಅದರ ಟ್ರಿಗರ್ ಎಳೆಯಲು ಎರಡೂವರೆ ಕೆಜಿಯಷ್ಟು ಬಲ ಬೇಕು. ಅಂದರೆ ಪಿಸ್ತೂಲಿನ ತೂಕಕ್ಕಿಂತ ಮೂರೂವರೆ ಪಟ್ಟು ಜೋರಿನಲ್ಲಿ ಒಂದು ಬೆರಳು ಅದನ್ನು ಎಳೆಯುತ್ತಿದೆ. ಅದಕ್ಕೇ ಅವರು ಎರಡು ಕೈ ಹಾಕಿ ಗಟ್ಟಿಯಾಗಿ ಹಿಡಿಯುತ್ತಾರೆ. ಮಗಳ ಪಿಸ್ತೂಲು ಒಂದು ಕೆಜಿ ಆಸುಪಾಸು, ಟ್ರಿಗರ್ ಬರೀ ಅರ್ಧ ಕೆಜಿ. ನಿಯಮದ ಕನಿಷ್ಠವೇ 500 ಗ್ರಾಂ. ಒಂದು ಕೈ, ಚಾಚಿದ ತೋಳು, ಇನ್ನೊಂದು ಕೈ ಜೇಬಲ್ಲಿ. 75 ನಿಮಿಷದಲ್ಲಿ 60 ಗುಂಡು. ಹೆಸರು ಎರಡಕ್ಕೂ ಪಿಸ್ತೂಲೇ. ಆದರೆ ಒಂದು ಗೋಲಿಯಾಟ, ಒಂದು ಕಬಡ್ಡಿ ಅಂದುಕೊಳ್ಳಿ.

ಸರಿ, ಪಂದ್ಯಕ್ಕೆ ಬೇಡ, ಅಭ್ಯಾಸಕ್ಕಾದರೂ ಚುಕ್ಕಿ ಹಾಕಬಹುದಲ್ವಾ ಅಂತ ನಿಮ್ಮ ಭಾಮೈದ ಕೇಳಬಹುದು. ನಾನೂ ಕೇಳಿಕೊಂಡಿದ್ದೆ. ಒಂದು ಹಳೇ ಏರ್ ಪಿಸ್ತೂಲಿಗೆ ರೆಡ್ ಡಾಟ್ ಕೂರಿಸಿ ನನ್ನ ಹತ್ತಿರ ಕಲಿಯುವ ಹುಡುಗರ ಕೈಗೆ ಕೊಟ್ಟೆ. ಒಬ್ಬ ಹುಡುಗ, ಒಳ್ಳೆ ಹಿಡಿತದವನು, ಪಿಸ್ತೂಲು ಎತ್ತಿದವನೇ "ಸರ್, ನನ್ನ ಕೈ ಇಷ್ಟೊಂದು ನಡುಗುತ್ತಾ?" ಅಂದ. ಅವನ ಕೈ ನಿನ್ನೆಯೂ ಅಷ್ಟೇ ನಡುಗುತ್ತಿತ್ತು. ನಿನ್ನೆ ಕಂಡಿರಲಿಲ್ಲ, ಇವತ್ತು ಕೆಂಪು ಬಣ್ಣದಲ್ಲಿ ಕುಣಿಯಿತು. ಆಮೇಲೆ ಶುರುವಾಯಿತು ನೋಡಿ. ಚುಕ್ಕಿ ಹತ್ತು ಅಂಕದ ವೃತ್ತದ ಮೇಲೆ ಹಾದುಹೋಗುವ ಕ್ಷಣ ಹಿಡಿಯಬೇಕು ಅಂತ ಕಾಯುವುದು, ಬಂತು ಅಂದ ತಕ್ಷಣ ಟ್ರಿಗರನ್ನು ಫಕ್ಕನೆ ಎಳೆಯುವುದು. ಹಾಗೆ ಎಳೆದಾಗ ಮಣಿಕಟ್ಟು ಬಾಗುತ್ತದೆ, ಗುಂಡು ಏಳಕ್ಕೋ ಆರಕ್ಕೋ ಹೋಗುತ್ತದೆ. ಮೂರೇ ದಿನಕ್ಕೆ ಚುಕ್ಕಿ ಬಿಚ್ಚಿಟ್ಟೆ. ಎಳೆಯುವ ಚಟ ಬಿಡಿಸಲು ಮಾತ್ರ ಮೂರು ವಾರ ಬೇಕಾಯಿತು.

ಯಾಕೆ ಹೀಗೆ ಅಂದರೆ, ಕೈ ನಡುಗುವುದರಲ್ಲಿ ಎರಡು ಬಗೆ ಇದೆ. ತೋಳು ಪೂರ್ತಿಯಾಗಿ, ಪಿಸ್ತೂಲಿನ ಸಮೇತ, 5 ಮಿಲಿಮೀಟರ್ ಎಡಕ್ಕೆ ಹೋದರೆ ಗುಂಡೂ 5 ಮಿಲಿಮೀಟರ್ ಎಡಕ್ಕೆ ಹೋಗುತ್ತದೆ, ಅಷ್ಟೇ. 10ರ ವೃತ್ತದ ಅಗಲ 11.5 ಮಿಲಿಮೀಟರ್, ಪೆಲೆಟ್ಟಿನ (ಏರ್ ಪಿಸ್ತೂಲಿನ ಗುಂಡಿನ) ಅಗಲ 4.5. ಗೆರೆ ಮುಟ್ಟಿದರೂ ಅಂಕ ಸಿಗುವುದರಿಂದ ನಡುವಿನಿಂದ 8 ಮಿಲಿಮೀಟರ್ ಆಚೆ ಹೋದರೂ ಅದು ಹತ್ತೇ. ಮಣಿಕಟ್ಟು ತಿರುಗಿದಾಗಿನ ಕಥೆ ಬೇರೆ. ಮೇಲೆ ಹೇಳಿದ ಲೆಕ್ಕ ಹಾಕಿ. ಫ್ರಂಟ್ ಸೈಟ್ ಕಚ್ಚಿನಲ್ಲಿ ಅರ್ಧ ಮಿಲಿಮೀಟರ್ ಸರಿದರೆ ಗುಂಡು 15-16 ಮಿಲಿಮೀಟರ್ ಆಚೆ. ಅದು ಒಂಬತ್ತರ ಗೆರೆಗೆ ಉಜ್ಜಿಕೊಂಡು ಹೋದರೆ ಪುಣ್ಯ. ಒಂದು ಮಿಲಿಮೀಟರ್ ಸರಿದರೆ ಏಳು. ಓಪನ್ ಸೈಟ್ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುತ್ತದೆ. ಕಚ್ಚಿನೊಳಗೆ ಕಂಬದ ಎರಡೂ ಪಕ್ಕದ ಬೆಳಕು ಸಮ ಇದೆಯಾ, ತಲೆ ಸಮ ಇದೆಯಾ, ಅದು ಮಣಿಕಟ್ಟಿನ ಸುದ್ದಿ. ಒಟ್ಟು ಚಿತ್ರ ಗುರಿಯ ಕೆಳಗೆ ತೇಲುತ್ತಿದೆಯಾ, ಅದು ತೋಳಿನ ಸುದ್ದಿ. ರೆಡ್ ಡಾಟ್ ಎರಡನ್ನೂ ಕಲಸಿ ಒಂದೇ ಚುಕ್ಕಿಯಲ್ಲಿ ಕೊಡುತ್ತದೆ. ಕಲಿತವರಿಗೆ ಅದು ಪರವಾಗಿಲ್ಲ. ಕಲಿಯುತ್ತಿರುವವಳಿಗೆ ಯಾವುದು ಮಣಿಕಟ್ಟು, ಯಾವುದು ತೋಳು ಅಂತ ಗೊತ್ತಾಗಬೇಕಲ್ವಾ?

ಅಪ್ಪ ಅಮ್ಮಂದಿರಿಗೆ ನಂಬಲು ಕಷ್ಟವಾಗುವ ಮಾತು ಒಂದಿದೆ. ನಿಮ್ಮ ಮಗಳಿಗೆ ಗುರಿ ಮಸುಕಾಗಿ ಕಾಣಬೇಕು. ಕಣ್ಣು ಒಂದೇ ಸಲಕ್ಕೆ ಎರಡು ದೂರವನ್ನು ಸ್ಪಷ್ಟವಾಗಿ ನೋಡಲಾರದು. ಫ್ರಂಟ್ ಸೈಟ್ ಇರುವುದು ಒಂದು ಮೀಟರ್ ಆಸುಪಾಸು, ಗುರಿ ಹತ್ತು ಮೀಟರ್ ಆಚೆ. ಲೆಕ್ಕ ಈಗಷ್ಟೇ ಮಾಡಿದೆವು. ಸೈಟ್‌ನ ಒಂದು ಮಿಲಿಮೀಟರ್ ಗುರಿಯ 31 ಮಿಲಿಮೀಟರ್‌ಗೆ ಸಮ. ಹಾಗಾಗಿ ಕಣ್ಣು ಇರಬೇಕಾದದ್ದು ಫ್ರಂಟ್ ಸೈಟ್ ಮೇಲೆ. ಗುರಿಯ ಕಪ್ಪು ಉಂಡೆ ಮಂಜಿನಲ್ಲಿ ಕಂಡ ಹಾಗೆ ಇದ್ದರೆ ಸಾಕು. ಕಪ್ಪಿನ ಮೇಲೆ ಕಪ್ಪು ಕಂಬ ಇಟ್ಟರೆ ಅಂಚು ಕಾಣುವುದಿಲ್ಲ. ಅದಕ್ಕೇ ಉಂಡೆಯ ಕೆಳಗೆ, ಬಿಳಿಯ ಜಾಗದಲ್ಲಿ ಕಂಬವನ್ನು ನಿಲ್ಲಿಸುವುದು. ಇದನ್ನೇ ಸಬ್-ಸಿಕ್ಸ್ ಹಿಡಿತ ಅನ್ನುತ್ತಾರೆ. ಸೈಟ್ ತಿರುಪು ತಿರುಗಿಸಿ, ಅಲ್ಲಿ ಹಿಡಿದರೆ ಗುಂಡು ಮೇಲೆ, ಉಂಡೆಯ ನಡುವಿಗೆ ಬೀಳುವ ಹಾಗೆ ಮಾಡಿಕೊಳ್ಳುತ್ತಾರೆ.

ಈ ಪಾಠ ನನಗೆ ಮೊದಲು ಹೇಳಿದವರು ಯಾವ ಕೋಚೂ ಅಲ್ಲ. ವಿರಾಜಪೇಟೆ ಕಡೆಯ ಒಬ್ಬ ಹಿರಿಯರು, ಗೆಳೆಯನ ಅಜ್ಜ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದಲ್ಲ, ಅಲ್ಲಿ ನಾನು ಕಾಯಿಯನ್ನೇ ದಿಟ್ಟಿಸಿ ದಿಟ್ಟಿಸಿ ಮೂರು ಸಲ ತಪ್ಪಿದ್ದೆ. "ಕಾಯಿ ಎಲ್ಲೂ ಓಡಿಹೋಗಲ್ಲ ಮಾರಾಯ. ಕೋವಿ ತುದಿ ನೋಡು" ಅಂದರು. ಅದು ಕೋವಿ, ಇದು ಪಿಸ್ತೂಲು. ಮಾತು ಒಂದೇ.

ಈಗ ಕಣ್ಣಿನ ವಿಷಯ. ಒಹಾಯೋದ ಕ್ಲಬ್ಬಿನಲ್ಲಿ ನನ್ನ ಪಕ್ಕದ ಜಾಗದಲ್ಲಿ ಎಪ್ಪತ್ತು ದಾಟಿದ ಒಬ್ಬರು ನಿಲ್ಲುತ್ತಿದ್ದರು. ಉಣ್ಣೆ ಟೋಪಿ, ರಟ್ಟಿನಂಥ ದಪ್ಪ ಜಾಕೆಟ್. ಬುಲ್ಸ್‌ಐ ಆಟವೂ ಒಂದೇ ಕೈಯದು. ಪೂರ್ತಿ ಪಂದ್ಯ ಅಂದರೆ 50 ಗಜ ಮತ್ತು 25 ಗಜದಿಂದ 270 ಗುಂಡು, 2700 ಅಂಕ. ಎರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ಇದರ ದೊಡ್ಡ ಜಾತ್ರೆಯೇ ನಡೆಯುತ್ತದೆ. ಅಲ್ಲಿ ರೆಡ್ ಡಾಟ್‌ಗೆ ಅನುಮತಿ ಇದೆ. ಆ ಯಜಮಾನರ .22 ಪಿಸ್ತೂಲಿನ ಮೇಲೂ ಇತ್ತು. ಫ್ರಂಟ್ ಸೈಟ್ ಅವರಿಗೆ ಕಂಬಳಿ ಹುಳದ ಹಾಗೆ ಕಾಣುತ್ತಿತ್ತಂತೆ. ಚುಕ್ಕಿ ಹಾಕಿದ ಮೇಲೆ ಹತ್ತು ವರ್ಷ ಹೆಚ್ಚಿಗೆ ಆಡಿದೆ ಅನ್ನುತ್ತಿದ್ದರು. ನಲವತ್ತೈದು ದಾಟಿದ ಮೇಲೆ ನನಗೂ ಅರ್ಥವಾಯಿತು. ಓದುವ ಕನ್ನಡಕ ಬಂದ ದಿನವೇ ಫ್ರಂಟ್ ಸೈಟಿನ ಅಂಚು ಕರಗಲು ಶುರು. ಅವರು ಕಲಿಸಿದ ಒಂದು ಉಪಾಯ ನಿಮ್ಮ ಭಾಮೈದನಿಗೂ ಹೇಳಿ: ಚುಕ್ಕಿಯ ಬೆಳಕನ್ನು ಇನ್ನೇನು ಕಾಣುವುದಿಲ್ಲ ಅನ್ನುವಷ್ಟು ಇಳಿಸಬೇಕು. ಬೆಳಕು ಜಾಸ್ತಿ ಇದ್ದರೆ ಚುಕ್ಕಿ ಉಬ್ಬುತ್ತದೆ. ಚುಕ್ಕಿಯ ಗಾತ್ರವನ್ನು ಎಂಒಎ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. 6 ಎಂಒಎ ಚುಕ್ಕಿ 10 ಮೀಟರಿನಲ್ಲಿ 17 ಮಿಲಿಮೀಟರ್ ಮುಚ್ಚುತ್ತದೆ, 3 ಎಂಒಎ ಆದರೆ ಅದರರ್ಧ. ಕಣ್ಣಿಗೆ ಸಿಲಿಂಡರ್ ಪವರ್ ಇದ್ದವರಿಗೆ ಅದು ದುಂಡಗೆ ಕಾಣುವುದೇ ಇಲ್ಲ. ನಕ್ಷತ್ರ, ಅಲ್ಪವಿರಾಮ, ದ್ರಾಕ್ಷಿ ಗೊಂಚಲು, ಏನೇನೋ. ಎಷ್ಟೋ ಜನ ಇದು ಸೈಟಿನ ದೋಷ ಅಂತ ಅಂಗಡಿಗೆ ವಾಪಸ್ ಕೊಡುತ್ತಾರೆ.

ನಿಮ್ಮ ಮಗಳಿಗೆ ಹದಿನೈದು. ಆ ವಯಸ್ಸಿನ ಕಣ್ಣು ಹತ್ತಿರಕ್ಕೂ ದೂರಕ್ಕೂ ಸರಾಗವಾಗಿ ಓಡಾಡುತ್ತದೆ. ಮೈನಸ್ 1.25 ದೊಡ್ಡ ವಿಷಯವೇ ಅಲ್ಲ. ತೊಂದರೆ ಬೇರೆ ಕಡೆ ಇದೆ. ಪಿಸ್ತೂಲು ಹಿಡಿದು ನಿಂತಾಗ ತಲೆ ಪಕ್ಕಕ್ಕೆ ತಿರುಗಿರುತ್ತದೆ. ಆಗ ಮಾಮೂಲಿ ಕನ್ನಡಕದ ಮೂಲೆಯಿಂದ ನೋಡಿದ ಹಾಗಾಗುತ್ತದೆ. ಲೆನ್ಸಿನ ಮಧ್ಯದಿಂದ ನೋಡಿದ ಸ್ಪಷ್ಟತೆ ಮೂಲೆಯಲ್ಲಿ ಇರುವುದಿಲ್ಲ. ಶೂಟಿಂಗ್ ಕನ್ನಡಕದ ಫ್ರೇಮ್ ಇರುವುದೇ ಇದಕ್ಕೆ. ಲೆನ್ಸನ್ನು ಕಣ್ಣಿಗೆ ನೇರ ತಿರುಗಿಸಿಕೊಳ್ಳಬಹುದು. ಲೆನ್ಸ್ ಮಾಡಿಸುವಾಗ ಕೆಲವರು ದೂರದ ಪವರಿಗೆ ಪ್ಲಸ್ 0.50 ಅಥವಾ 0.75 ಸೇರಿಸಿಕೊಳ್ಳುತ್ತಾರೆ, ಫ್ರಂಟ್ ಸೈಟ್ ಮೇಲೆ ಕಣ್ಣು ನಿಲ್ಲಲಿ ಅಂತ. ಮಗಳಿಗೆ ಈಗ ಅದು ಬೇಕಾಗಲಾರದು. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಫ್ರಂಟ್ ಸೈಟಿನ ದೂರ ಅಳೆದುಕೊಂಡು ಹೋಗಿ, ಅಷ್ಟು ಸಾಕು. ಎಡಗಣ್ಣು ಮುಚ್ಚಿ ಹೊಡೆಯುತ್ತಿದ್ದರೆ ಅದನ್ನು ಮಾತ್ರ ಇವತ್ತೇ ನಿಲ್ಲಿಸಿ. ಒಂದು ಕಣ್ಣು ಕಿವುಚಿದರೆ ಇನ್ನೊಂದೂ ಸುಸ್ತಾಗುತ್ತದೆ. ಆ ಕಣ್ಣಿನ ಮುಂದೆ ಬೆಳಕು ಬಿಡುವ ಬಿಳಿ ಪಟ್ಟಿ ಇರಲಿ, ಅಗಲ 30 ಮಿಲಿಮೀಟರ್ ಮೀರಬಾರದು.

ಪ್ಯಾರಿಸ್ ಒಲಿಂಪಿಕ್ಸ್ ಫೋಟೊಗಳು ನೆನಪಿವೆಯಾ? 2024ರಲ್ಲಿ ಕೊರಿಯಾದ ಕಿಮ್ ಯೆ-ಜಿ ಯಂತ್ರದಂಥ ಕನ್ನಡಕ ಹಾಕಿದ್ದರು. ಟರ್ಕಿಯ ಯೂಸುಫ್ ಡಿಕೆಚ್ ಟೀ ಶರ್ಟ್, ಮಾಮೂಲಿ ಕನ್ನಡಕ, ಜೇಬಲ್ಲಿ ಕೈ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ವಾಟ್ಸಾಪಿನಲ್ಲಿ ಜನ ನಕ್ಕಿದ್ದೇ ನಕ್ಕಿದ್ದು. ಆ ಯಂತ್ರದಂಥ ಕನ್ನಡಕ ದುರ್ಬೀನಲ್ಲ. ಒಂದು ಲೆನ್ಸ್, ಚೂರು ಕಿರಿದಾದ ತೂತು, ಇನ್ನೊಂದು ಕಣ್ಣಿಗೆ ಮರೆ. ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಇಬ್ಬರ ಪಿಸ್ತೂಲಿನ ಮೇಲೂ ಇದ್ದದ್ದು ಅದೇ ಕಚ್ಚು, ಅದೇ ಕಂಬ. ಇಬ್ಬರಿಗೂ ಸಿಕ್ಕಿದ್ದು ಬೆಳ್ಳಿ.

ನಿಮ್ಮ ಭಾಮೈದನ ಸಂಗ್ರಹದ ಬಗ್ಗೆ ನೀವು ಕೇಳಿಲ್ಲ. ಆದರೂ ಬಾಯಿ ತುರಿಸುತ್ತಿದೆ, ಎರಡು ಮಾತು ಹೇಳಿಬಿಡುತ್ತೇನೆ. ಗ್ಲಾಕ್ ಸುತ್ತಿಗೆ ಇದ್ದ ಹಾಗೆ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡಾಗಿನಿಂದ ಹೆಚ್ಚು ಬದಲಾಗಿಲ್ಲ. ಕೆಡುವುದಿಲ್ಲ, ಪ್ರೀತಿ ಹುಟ್ಟುವುದೂ ಕಷ್ಟ. ಸಿಗ್ ಪಿ320 ಅಮೆರಿಕದ ಸೇನೆ 2017ರಲ್ಲಿ ಆರಿಸಿಕೊಂಡ ಪಿಸ್ತೂಲಿನ ಮೂಲ. ಹಿಡಿ ಬದಲಾಯಿಸಬಹುದು, ಅದು ಅದರ ಗುಣ. ಅವನ ಹತ್ತಿರ ಇರುವ ಸಿಜೆಡ್ ಶ್ಯಾಡೋ 2 ಆಗಿದ್ದರೆ ಅವನು ಅದೃಷ್ಟವಂತ. ಉಕ್ಕಿನ ಮೈ, 1.3 ಕೆಜಿ ತೂಕ, ಕೈಯಲ್ಲಿ ಬೆಣ್ಣೆಯ ಹಾಗೆ ಕೂರುತ್ತದೆ. ಗುರಿ ಹೊಡೆಯುವ ಸುಖಕ್ಕೆ ನಾನಾದರೆ ಅದನ್ನೇ ಎತ್ತಿಕೊಳ್ಳುತ್ತಿದ್ದೆ, ಚುಕ್ಕಿ ಇಲ್ಲದೆ. ಅದನ್ನು ನೋಡಿ ನಿಮಗೆ ಆಸೆಯಾದರೆ ಪ್ರಯೋಜನವಿಲ್ಲ ಬಿಡಿ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ). ಸಾಮಾನ್ಯ ಜನರಿಗೆ ಲೈಸೆನ್ಸ್ ಮೇಲೆ ಸಿಗುವುದು .32, .22 ಥರದವು. ಮಗಳ ಏರ್ ಪಿಸ್ತೂಲು ಐದಾರು ಜೂಲ್ ಶಕ್ತಿಯದು, ಅದಕ್ಕೆ ಲೈಸೆನ್ಸ್ ಬೇಡ. ಕೊಂಡ ರಸೀದಿ ಜೋಪಾನ ಮಾಡಿ, ಮನೆಯಲ್ಲಿ ಬೀಗ ಹಾಕಿಡಿ.

ಈಗ ಕೊಳ್ಳುವ ಮಾತು. ಸ್ಟೆಯರ್, ಮೊರಿನಿ, ವಾಲ್ಥರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ, ಇವುಗಳಲ್ಲಿ ಯಾವುದನ್ನು ಬೆಂಚಿಗೆ ಬಿಗಿದು ಹೊಡೆದರೂ ಎಲ್ಲ ಪೆಲೆಟ್ಟೂ ಒಂದೇ ತೂತಿನಲ್ಲಿ ಹೋಗುತ್ತದೆ. ನಿಮ್ಮ ಮಗಳಿಗೆ 530ರಿಂದ 560ಕ್ಕೆ ಹೋಗಲು ಬ್ಯಾರಲ್ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಹಿಡಿ. ಅಂಗಡಿಯಲ್ಲಿ ಹೀಗೆ ಮಾಡಿಸಿ. ಅವಳು ಕಣ್ಣು ಮುಚ್ಚಿ, ಪಿಸ್ತೂಲು ಹಿಡಿದು, ತೋಳು ಎತ್ತಲಿ. ಎತ್ತಿ ನಿಂತ ಮೇಲೆ ಕಣ್ಣು ತೆರೆಯಲಿ. ಫ್ರಂಟ್ ಸೈಟ್ ಕಚ್ಚಿನೊಳಗೆ ತಾನಾಗಿಯೇ ಕೂತಿದ್ದರೆ ಆ ಹಿಡಿ ಅವಳದ್ದು. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ಬಗ್ಗಿದ್ದರೆ ಅಲ್ಲ. ಹಿಡಿಗಳು ಸ್ಮಾಲ್, ಮೀಡಿಯಮ್, ಲಾರ್ಜ್ ಅಳತೆಗಳಲ್ಲಿ ಬರುತ್ತವೆ. ಹುಡುಗಿಯರಿಗೆ ಬಹಳ ಸಲ ಮೀಡಿಯಮ್ ಕೊಟ್ಟು ಕಳಿಸುತ್ತಾರೆ, ಸ್ಟಾಕ್ ಇರುವುದು ಅದು ಅಂತ. ಸ್ಮಾಲ್ ತರಿಸಿ ಅನ್ನಿ, ಕಾಯಿರಿ. ಮರಕ್ಕೆ ಪುಟ್ಟಿ ಮೆತ್ತಿ, ಉಪ್ಪು ಕಾಗದ ಉಜ್ಜಿ ಸರಿ ಮಾಡಿಕೊಳ್ಳುವುದು ಆಮೇಲಿನ ಕೆಲಸ. ಅದನ್ನು ಕೋಚ್ ಹತ್ತಿರ ಕೂತು ಮಾಡಿ.

ತೂಕ ಇನ್ನೊಂದು. ನಿಯಮದ ಮಿತಿ 1500 ಗ್ರಾಂ. ಒಂದು ಕೆಜಿ ಪಿಸ್ತೂಲನ್ನು 60 ಗುಂಡಿಗೆ ನೂರು ಸಲವಾದರೂ ಎತ್ತಬೇಕು, ಹೊಡೆಯದೆ ಎತ್ತಿ ಇಳಿಸಿದ್ದೂ ಸೇರಿ. ಐವತ್ತನೇ ಗುಂಡಿನ ಮೇಲೆ ಅವಳ ಸ್ಕೋರ್ ಕುಸಿಯುತ್ತಿದೆಯಾ ನೋಡಿ. ಹಾಗಿದ್ದರೆ ಹಗುರದ್ದು ನೋಡಿ, ಇಲ್ಲವೇ ಒಂದು ವರ್ಷ ಭುಜದ ವ್ಯಾಯಾಮ ಮಾಡಿಸಿ. ನಾನು ಎರಡನೆಯದನ್ನು ಹೇಳುತ್ತೇನೆ. ತೂಕದ ಪಿಸ್ತೂಲು ನಿಂತಲ್ಲಿ ನಿಲ್ಲುತ್ತದೆ.

ಮೊರಿನಿಯ ಸಿಎಂ 162 ಇಐ ಎಲೆಕ್ಟ್ರಾನಿಕ್ ಟ್ರಿಗರಿನದು. ಗಾಜು ಮುರಿದ ಹಾಗೆ ಚಟ್ ಅಂತ ಬಿಡುತ್ತದೆ, ಪ್ರತಿ ಸಲ ಒಂದೇ ಥರ. ಸ್ಟೆಯರ್‌ನ ಎಲ್‌ಪಿ 10 ಸ್ಪ್ರಿಂಗು ಲಿವರಿನ ಟ್ರಿಗರಿನದು. ಗುಂಡು ಹೋಗುವಾಗಿನ ಸಣ್ಣ ಜರ್ಕನ್ನೂ ಒಳಗಿನ ಒಂದು ತೂಕ ಹಿಂದಕ್ಕೋಡಿ ನುಂಗಿಕೊಳ್ಳುತ್ತದೆ. ನನ್ನ ಸ್ವಂತ ಒಲವು ಸ್ಟೆಯರ್ ಕಡೆ. ಕಾರಣ ಹೇಳಿದರೆ ನಗಬೇಡಿ: ಬ್ಯಾಟರಿ ಇರುವ ಯಾವುದನ್ನೂ ನಾನು ನಂಬುವುದಿಲ್ಲ. ಆದರೆ ಯಂತ್ರ ಅಂದ ಮೇಲೆ ಯಾವುದೂ ಕೈಕೊಡಬಹುದು. 2021ರ ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಪಂದ್ಯದ ನಡುವೆ ಕೆಟ್ಟು, ಸರಿ ಮಾಡಿಸುವುದರಲ್ಲಿ ಕಾಲು ಗಂಟೆಗಿಂತ ಜಾಸ್ತಿ ಹೋಯಿತು. ಫೈನಲ್ ತಪ್ಪಿತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅದೇ 10 ಮೀಟರಿನಲ್ಲಿ ಎರಡು ಕಂಚು ತಂದರು. ಒಂದು ಒಂಟಿಯಾಗಿ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ. ಆದ್ದರಿಂದ ಬ್ರ್ಯಾಂಡ್ ಆರಿಸುವಾಗ ಒಂದು ಪ್ರಶ್ನೆ ಕೇಳಿ: ನಮ್ಮ ಊರಿನ ಹತ್ತಿರ ಇದನ್ನು ಬಿಚ್ಚಿ ರಿಪೇರಿ ಮಾಡುವವರು ಯಾರಿದ್ದಾರೆ? ಕ್ಲಬ್ಬಿನಲ್ಲಿ ಐದು ಮಂದಿ ಮೊರಿನಿ ಇಟ್ಟುಕೊಂಡಿದ್ದರೆ ಮೊರಿನಿಯೇ ಸರಿ. ಅವರ ಹತ್ತಿರ ಸೀಲು, ವಾಷರ್, ಅನುಭವ ಎಲ್ಲ ಇರುತ್ತದೆ.

ಹೊಸದಕ್ಕೆ ಹೆಚ್ಚುಕಡಿಮೆ ಎರಡು ಲಕ್ಷದ ಆಸುಪಾಸು ಆಗುತ್ತದೆ, ಯೂರೋ ದರ ನೋಡಿಕೊಂಡು ಹೆಚ್ಚು ಕಡಿಮೆ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಒಂದು ವಿಷಯ ಬಿಟ್ಟು. ನಾನು ಒಮ್ಮೆ ಪರಿಚಯದವರೊಬ್ಬರಿಂದ ಹಳೇ ಪಿಸ್ತೂಲು ತಂದೆ. ಟ್ರಿಗರ್ ನೋಡಿದೆ, ಸೈಟ್ ನೋಡಿದೆ, ಬ್ಯಾರಲಿಗೆ ಕಣ್ಣಿಟ್ಟು ನೋಡಿದೆ. ಗಾಳಿಯ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖು ಮಾತ್ರ ನೋಡಲಿಲ್ಲ. 200 ಬಾರ್ ಒತ್ತಡ ತುಂಬುವ ಸಿಲಿಂಡರ್ ಅದು, ಆಯಸ್ಸು ಹತ್ತು ವರ್ಷ. ನನ್ನದು ಹನ್ನೊಂದಾಗಿತ್ತು. ಪಂದ್ಯದ ದಿನ ಬೆಳಿಗ್ಗೆ ತಪಾಸಣೆಯವರು ಬೆರಳಿಟ್ಟು ತೋರಿಸಿದರು. ಯಾರದ್ದೋ ಸಿಲಿಂಡರ್ ಸಾಲ ಬೇಡಿಕೊಂಡು ಆಡಿದೆ. ಹೊಸ ಸಿಲಿಂಡರಿಗೆ ಕೊಟ್ಟ ದುಡ್ಡು ಸೇರಿಸಿದರೆ ಆ ವ್ಯಾಪಾರ ಅಗ್ಗವೇನೂ ಆಗಲಿಲ್ಲ.

ಪಿಸ್ತೂಲು ಮನೆಗೆ ಬಂದ ಮೇಲೆ ಸೈಟ್ ಹೊಂದಿಸುವಾಗ ಅವಸರ ಬೇಡ. ಒಳ್ಳೆಯ ಏರ್ ಪಿಸ್ತೂಲುಗಳಲ್ಲಿ ರಿಯರ್ ಸೈಟಿನ ಕಚ್ಚಿನ ಅಗಲ ಬದಲಾಯಿಸಬಹುದು, ಫ್ರಂಟ್ ಸೈಟಿನದೂ. ಹೊಸಬರು ಕಂಬ ಕಚ್ಚನ್ನು ತುಂಬುವ ಹಾಗೆ ಬಿಗಿ ಮಾಡಿಕೊಳ್ಳುತ್ತಾರೆ, ಜಾಸ್ತಿ ನಿಖರ ಅಂತ. ಆಗ ಪಕ್ಕದ ಬೆಳಕು ಕೂದಲೆಳೆ ಆಗುತ್ತದೆ. ಕಣ್ಣು ಅದನ್ನೇ ಹುಡುಕಿ ಹುಡುಕಿ ದಣಿಯುತ್ತದೆ. ಎರಡೂ ಪಕ್ಕ ಧಾರಾಳ ಬೆಳಕು ಬಿಡಿ. ಎರಡು ಬೆಳಕಿನ ಪಟ್ಟಿ ಸಮ ಇದೆಯೋ ಇಲ್ಲವೋ ಅಂತ ಕಣ್ಣು ಕ್ಷಣದಲ್ಲಿ ಹೇಳುತ್ತದೆ. ಅದು ಕಣ್ಣಿನ ಹುಟ್ಟುಗುಣ. ಗೋಡೆಯ ಫೋಟೊ ಚೂರು ವಾಲಿದ್ದರೆ ನಿಮಗೆ ತಿಳಿಯುವುದಿಲ್ವಾ, ಹಾಗೆ.

ದಿನಾ ಇಪ್ಪತ್ತು ನಿಮಿಷ ಬಿಳಿ ಗೋಡೆಯ ಮುಂದೆ ನಿಲ್ಲಿಸಿ. ಪೆಲೆಟ್ ಇಲ್ಲ, ಗುರಿಯೂ ಇಲ್ಲ. ಈ ಪಿಸ್ತೂಲುಗಳಲ್ಲಿ ಖಾಲಿ ಟ್ರಿಗರ್ ಅಭ್ಯಾಸದ ವ್ಯವಸ್ಥೆ ಇರುತ್ತದೆ. ಕಂಬ ನೋಡುತ್ತಾ ಟ್ರಿಗರ್ ಒತ್ತುವುದು. ಬಿಟ್ಟ ಕ್ಷಣದಲ್ಲಿ ಕಂಬ ಅಲುಗಿತಾ, ಎಡಕ್ಕಾ ಕೆಳಕ್ಕಾ, ಅವಳೇ ಬಾಯಿಬಿಟ್ಟು ಹೇಳಬೇಕು. ಗುರಿ ಇಲ್ಲದಿದ್ದರೆ ಹತ್ತರ ಆಸೆಯೂ ಇರುವುದಿಲ್ಲ, ಫಕ್ಕನೆ ಎಳೆಯುವ ಚಟವೂ ಬರುವುದಿಲ್ಲ. ಮಾವ ಹೇಳಿದ ಹಾಗೆ ಸ್ಕೋರ್ ಏರುವುದಾದರೆ ಅದು ಇಲ್ಲಿಂದಲೇ.

ಮಾವನಿಗೆ ಏನಾದರೂ ತರಲೇಬೇಕು ಅಂತಿದ್ದರೆ ಶೂಟಿಂಗ್ ಕನ್ನಡಕದ ಫ್ರೇಮ್ ತರಲಿ. ಜೊತೆಗೆ ಕಣ್ಣ ಮುಂದಿನ ತೂತನ್ನು ಕಿರಿದು ಹಿರಿದು ಮಾಡುವ ಐರಿಸ್ ಒಂದು ಇದ್ದರೆ ಒಳ್ಳೆಯದು. ಲೆನ್ಸ್ ಇಲ್ಲೇ ಮಾಡಿಸಿ. ಬಂದ ಮೇಲೆ ಅವನನ್ನೂ ಒಂದು ಬೆಳಿಗ್ಗೆ ರೇಂಜಿಗೆ ಕರೆದುಕೊಂಡು ಹೋಗಿ, ಕೋಚ್ ಒಪ್ಪಿಗೆ ಕೇಳಿ ಮಗಳ ಪಿಸ್ತೂಲಿನಲ್ಲಿ ಹತ್ತು ಗುಂಡು ಹೊಡೆಸಿ. ಒಂದೇ ಕೈಯಲ್ಲಿ. ಸೋದರಸೊಸೆ ಪಕ್ಕದಲ್ಲಿ ನಿಂತು ಲೆಕ್ಕ ಬರೆಯಲಿ.